ಸಾಯುವವರ ಮನೆಗೂ ಆಸ್ಪತ್ರೆಯ ಅಳತೆಗೋಲೇ?

“ಇನ್ನು ಮನೆಗೆ ಕರೆದುಕೊಂಡು ಹೋಗಿ.” ನಮ್ಮ ಜಿಲ್ಲೆಯಲ್ಲಿ ಈ ಮಾತಿನ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಸೋದರಮಾವನ ವಿಷಯದಲ್ಲಿ ವೈದ್ಯರು ಇದನ್ನು ಹೇಳಿದ ದಿನ, ಮಂಗಳೂರಿನಿಂದ ಬಂಟ್ವಾಳಕ್ಕೆ ಬರುವ ದಾರಿಯುದ್ದಕ್ಕೂ ನಾನು ಯೋಚಿಸಿದ್ದು ಒಂದೇ: ಯಾವ ಮನೆಗೆ? ಅತ್ತೆ ತೀರಿಹೋಗಿ ಹತ್ತು ವರ್ಷ, ಮಕ್ಕಳಿಬ್ಬರೂ ದುಬಾಯಿಯಲ್ಲಿ, ಮನೆಗೆ ಬೀಗ. ಕೊನೆಗೆ ನಮ್ಮ ಚಾವಡಿಯಲ್ಲೇ ಮಂಚ ಹಾಕಿದೆವು. ಇಪ್ಪತ್ತಮೂರು ದಿನ ನೆರೆಯವರು ಸರದಿಯ ಮೇಲೆ ಬಂದು ಕುಳಿತರು. ಗಂಜಿಯ ತಿಳಿ ಕುಡಿಸಿದರು, ಮಗ್ಗುಲು ಬದಲಿಸಿದರು. ಅವರಲ್ಲಿ ಯಾರೂ ವೈದ್ಯಶಾಸ್ತ್ರ ಓದಿದವರಲ್ಲ.

ಆ ಮೇಲೆ ನಾವು ಐದಾರು ಮಂದಿ ಸೇರಿ, ಬೆಳ್ತಂಗಡಿಯ ಕಡೆ ಖಾಲಿ ಬಿದ್ದಿದ್ದ ಒಂದು ಹಳೆಯ ಮನೆಯಲ್ಲಿ ಇಂಥವರಿಗಾಗಿ ನಾಲ್ಕು ಮಂಚ ಹಾಕೋಣವೆಂದು ಹೊರಟೆವು. ಹಣ ಪಡೆಯುವ ಮಾತಿಲ್ಲ, ಚಿಕಿತ್ಸೆಯ ಮಾತಿಲ್ಲ. ಕಚೇರಿಯೊಂದರಲ್ಲಿ ವಿಚಾರಿಸಿದರೆ ಸಿಕ್ಕ ಉತ್ತರ ಇಷ್ಟು: “ಹಾಸಿಗೆಯಿದೆ, ರೋಗಿಯಿದ್ದಾನೆ, ಹಾಗಾದರೆ ಆಸ್ಪತ್ರೆಯೆಂದೇ ನೋಂದಾಯಿಸಿ.” ವೈದ್ಯರು ಯಾರು, ದಾದಿಯರೆಷ್ಟು, ತ್ಯಾಜ್ಯದ ಕಾಗದವೆಲ್ಲಿ, ಬೆಂಕಿಯ ಕಾಗದವೆಲ್ಲಿ? ಮೂಡುಬಿದಿರೆಯಿಂದ ಒಬ್ಬಾಕೆ ತನ್ನ ತಾಯಿಗಾಗಿ ಎರಡು ಸಲ ಬಂದು ಕೇಳಿ ಹೋದರು. ಮೂರನೆಯ ಸಲ ಬರಲಿಲ್ಲ.

2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ ಬೇಡವೆನ್ನುವಷ್ಟು ಮೂರ್ಖ ನಾನಲ್ಲ. ಆದರೆ ರೋಗವನ್ನು ಪತ್ತೆಮಾಡಿ ಗುಣಪಡಿಸುವ ಕಡೆಗಾಗಿ ಮಾಡಿದ ಅಳತೆಗೋಲನ್ನು, ಗುಣದ ಆಸೆಯೇ ಮುಗಿದವನ ಮಂಚಕ್ಕೆ ಹಿಡಿದರೆ ಏನು ಅಳೆದಂತಾಯಿತು? ಘನತೆಯಿಂದ ಸಾಯುವುದೂ ಮನುಷ್ಯನ ಹಕ್ಕೆಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪಿತ್ತಿತು. 2023ರಲ್ಲಿ ಅದರ ವಿಧಿಗಳನ್ನು ಸರಳಗೊಳಿಸಿತು. ಅದನ್ನು ಜಾರಿಗೆ ತರಲು ನಮ್ಮ ರಾಜ್ಯ ಸರಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಒಳ್ಳೆಯದೇ. ಮೂಗಿನ ನಳಿಗೆಯನ್ನು ತೆಗೆಯಲು ಎರಡೆರಡು ವೈದ್ಯಮಂಡಳಿಗಳು ಕೂಡಿ ಯೋಚಿಸುತ್ತವೆ. ತೆಗೆದ ಮೇಲೆ ಆತ ಮಲಗುವುದೆಲ್ಲಿ? ಬೆಂಗಳೂರಿನಲ್ಲಿ 1999ರಿಂದ ಕರುಣಾಶ್ರಯವಿದೆ, ಒಂದು ಕಾಸೂ ಪಡೆಯದೆ ನಡೆಯುತ್ತಿದೆ. ಚಾರ್ಮಾಡಿ ಘಾಟಿ ಹತ್ತಿಸಿ ಅಲ್ಲಿಗೆ ಒಯ್ಯೋಣವೇ?

ಇನ್ನು ನಮ್ಮವರ ಮಾತು. “ಸೇವೆಗೇಕೆ ಸ್ವಾಮಿ ಪರವಾನಗಿ?” ಎಂದು ನಮ್ಮಲ್ಲೇ ಒಬ್ಬರು ಮೇಜು ಗುದ್ದಿದರು. ಇದನ್ನೂ ನಾನು ಒಪ್ಪಲಾರೆ. ಸಾಯುವವನು ದೂರು ಕೊಡಲಾರ. ಬೆನ್ನಿನ ಹುಣ್ಣನ್ನು ಯಾರೂ ನೋಡಲಿಲ್ಲವೆಂದು ಅವನು ಯಾರಿಗೆ ಹೇಳಿಯಾನು? ಅಡಿಕೆ ತೋಟದ ಪಾಲಿನ ಕಾಗದ ಹಿಡಿದು, ಎಚ್ಚರ ತಪ್ಪುತ್ತಿರುವವನ ಹೆಬ್ಬೆರಳಿಗೆ ಶಾಯಿ ಹಚ್ಚಲು ಬರುವ ನೆಂಟರನ್ನು ನಾವು ಕಾಣದವರೇ? ಸೇವೆಯೆಂಬ ಹಲಗೆ ತೂಗುಹಾಕಿದ ಮಾತ್ರಕ್ಕೆ ಬಾಗಿಲ ಹಿಂದೆ ಎಲ್ಲವೂ ಸರಿಯಿದೆಯೆಂದು ನಂಬಬೇಕಾಗಿಲ್ಲ.

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಸ್ವಯಂಸೇವಕರು ನಡೆಸುವ ಇಂಥ ಮನೆಗಳಿವೆ. ಒಂದು ಮನೆಯಲ್ಲಿ ಇಬ್ಬರೇ. ಆ ಮಿತಿಯೊಳಗಿದ್ದರೆ ಆಸ್ಪತ್ರೆಯ ಪರವಾನಗಿ ಬೇಡ. ವಿಟ್ಲದ ಗಡಿ ದಾಟಿದರೆ ಸಿಗುವ ಕೇರಳ 2008ರಲ್ಲೇ ಉಪಶಮನ ಚಿಕಿತ್ಸೆಗೊಂದು ನೀತಿ ಮಾಡಿ, ಊರ ಸ್ವಯಂಸೇವಕರನ್ನು ಸರಕಾರದ ಕೆಲಸದ ಜೊತೆ ಸೇರಿಸಿಕೊಂಡಿತು. ನಮಗೇಕೆ ಆಗದು?

ವಿನಾಯಿತಿ ಕೊಡಿ, ಆದರೆ ಅಳತೆಯಿಟ್ಟು ಕೊಡಿ. ಮಂಚ ನಾಲ್ಕನ್ನು ಮೀರದಿರಲಿ, ಹಣ ಕೈಬದಲಾಗದಿರಲಿ. ನೋವಿನ ಮದ್ದು, ಮುಖ್ಯವಾಗಿ ಮಾರ್ಫೀನು, ವೈದ್ಯರ ಚೀಟಿಯಿಂದಲೇ ಬರಲಿ. 2014ರ ತಿದ್ದುಪಡಿಯ ಮೇಲೆ ಅದು ಮೊದಲಿನಷ್ಟು ದುರ್ಲಭವಾಗಬೇಕಾದ್ದಿಲ್ಲ. ಚುಚ್ಚುಮದ್ದು, ಆಮ್ಲಜನಕವೆಂದು ಚಿಕಿತ್ಸೆಗೆ ಇಳಿದ ದಿನವೇ ವಿನಾಯಿತಿ ರದ್ದಾಗಲಿ. ತಾಲೂಕು ಆರೋಗ್ಯಾಧಿಕಾರಿ ನಡುರಾತ್ರಿ ಬಂದರೂ ಬಾಗಿಲು ತೆರೆಯಬೇಕು. ಮತ್ತು ಆ ಸೂರಿನಡಿ ಯಾವ ಆಸ್ತಿಪತ್ರಕ್ಕೂ ಸಹಿ ಬೀಳಕೂಡದು. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕೊಟ್ಟರೆ, ಆ ಹಳೆಯ ಮನೆಯ ಜಗಲಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಲು ನಾವು ಸಿದ್ಧ. ಬೀಗದಕೈ ಇನ್ನೂ ನನ್ನ ಬಳಿಯೇ ಇದೆ.