ಕೆಟಲಿನ ತಳದ ಸುಣ್ಣ

ಕಳೆದ ವರ್ಷ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದು ಬಂದೆ. ಇಂಗ್ಲೆಂಡಿನ ದಕ್ಷಿಣ ತೀರದ ಬ್ರೈಟನ್ ಅವಳ ಊರು. ಕುಂದಾಪುರದ ಕಡಲ ಬದಿಯಲ್ಲೇ ಹುಟ್ಟಿ ಬೆಳೆದ ನನಗೆ ಸಮುದ್ರವೇನೂ ಹೊಸತಲ್ಲ. ಆದರೆ ಅಲ್ಲಿನ ದಂಡೆಯಲ್ಲಿ ಮರಳಿಗೆ ಬದಲಾಗಿ ಉರುಟು ಕಲ್ಲುಗಳೇ ಹಾಸಿರುವುದನ್ನು ಕಂಡು ಆಶ್ಚರ್ಯವಾಯಿತು. ಎರಡನೆಯ ಆಶ್ಚರ್ಯ ಅಡುಗೆಮನೆಯ ನಲ್ಲಿಯಲ್ಲಿ ಕಾದಿತ್ತು.

ಮೊದಲ ದಿನ ಬೆಳಗ್ಗೆ ಹಾಲು ಹಾಕದ ಚಹಾ ಮಾಡಿಕೊಂಡೆ. ಮೇಲೆ ಎಣ್ಣೆ ತೇಲಿದಂತೆ ತೆಳುವಾದ ಪದರ! ಕೆಟಲಿನೊಳಗೆ ಇಣುಕಿದರೆ ತಳದಲ್ಲಿ ಬಿಳಿಯ ಹೊಟ್ಟು ಗಟ್ಟಿಯಾಗಿ ಕೂತಿತ್ತು. ಗಾಜಿನ ಲೋಟಗಳ ಮೇಲೆ ಬಿಳಿ ಚುಕ್ಕೆ, ಶವರಿನ ಅರ್ಧ ತೂತುಗಳು ಬಂದ್, ಸಾಬೂನು ಉಜ್ಜಿದರೆ ನೊರೆಗಿಂತ ಗಷ್ಟೇ ಹೆಚ್ಚು. ಒಣಗಿದ ಟವೆಲು ಹಪ್ಪಳದಂತೆ ಬಿರುಸು. ತೊಗರಿಬೇಳೆ ಕೂಡ ಒಂದೆರಡು ಸೀಟಿ ಹೆಚ್ಚು ಕೇಳುತ್ತಿತ್ತು.

ಇವೆಲ್ಲ ಸಣ್ಣ ಕಿರಿಕಿರಿಗಳು. ಆದರೆ ಮಗಳ ಚಿಂತೆ ಬೇರೆಯೇ ಇತ್ತು. ಮೊಮ್ಮಗನಿಗೆ ಮೊಣಕೈ, ಮೊಣಕಾಲಿನ ಸಂದಿಯಲ್ಲಿ ಇಸಬು. ರಾತ್ರಿಯೆಲ್ಲ ತುರಿಸಿಕೊಂಡು ಅಳುತ್ತಿದ್ದ. "ಅಪ್ಪಯ್ಯ, ಇದೆಲ್ಲ ಈ ನೀರಿನಿಂದಲೇ. ನೀರು ಮೆದು ಮಾಡುವ ಯಂತ್ರ ಹಾಕಿಸಿದರೆ ವಾಸಿಯಾಗುತ್ತದಂತೆ" ಎಂದಳು. ಹಾಗೆಂದು ಭರವಸೆ ಕೊಟ್ಟವನು ಯಂತ್ರ ಮಾರಲು ಬಂದಿದ್ದ ಮನುಷ್ಯ. ಬೆಲೆ ನೂರಾರು ಪೌಂಡು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ಸುಮ್ಮನಿರುವುದು ಹೇಗೆ? ಬ್ರೈಟನ್ನಿನ ಬೆನ್ನಿಗಿರುವ ಸೌತ್ ಡೌನ್ಸ್ ಗುಡ್ಡಗಳು ಪೂರಾ ಸೀಮೆಸುಣ್ಣದ ಶಿಲೆ. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದಲ್ಲಿದ್ದ ಅತಿಸೂಕ್ಷ್ಮ ಪಾಚಿಗಳ ಸುಣ್ಣದ ಕವಚಗಳು ತಳದಲ್ಲಿ ಶೇಖರವಾಗಿ ಆದದ್ದು ಅದು. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಈ ಶಿಲೆಯೊಳಗೆ ಇಳಿಯುವಾಗ ಸುಣ್ಣವನ್ನು ಕರಗಿಸಿಕೊಂಡು ಕ್ಯಾಲ್ಸಿಯಂ ಬೈಕಾರ್ಬನೇಟ್ ಆಗಿ ಹೊತ್ತು ತರುತ್ತದೆ. ಊರಿನ ನಲ್ಲಿಗೆ ಬರುವುದು ಆ ಅಂತರ್ಜಲವೇ. ಕುದಿಸಿದಾಗ ಸುಣ್ಣ ಮತ್ತೆ ಬೇರ್ಪಟ್ಟು ಕೆಟಲಿನ ತಳ ಹಿಡಿಯುತ್ತದೆ. ಇದೇ ತಾತ್ಕಾಲಿಕ ಗಡಸುತನ. ನಾನು ಹಲಗೆಯ ಮೇಲೆ ಇದನ್ನು ಬರೆಯುತ್ತಿದ್ದ ಬಳಪವಾದರೋ ಹೆಚ್ಚಾಗಿ ಜಿಪ್ಸಂನಿಂದ ಮಾಡಿದ್ದು. ಜಿಪ್ಸಂ ಕರಗಿದರೆ ಬರುವುದು ಕುದಿಸಿದರೂ ಹೋಗದ ಶಾಶ್ವತ ಗಡಸುತನ!

ನಮ್ಮ ಕರಾವಳಿಯ ಮುರಕಲ್ಲಿನಲ್ಲಿ ಸುಣ್ಣದಂಶ ಇಲ್ಲವೆನ್ನುವಷ್ಟು ಕಡಿಮೆ. ಆದುದರಿಂದಲೇ ನಮ್ಮ ಹಿರಿಯರು ಸುಣ್ಣಕ್ಕಾಗಿ ಚಿಪ್ಪು ಸುಡುತ್ತಿದ್ದರು, ನಮ್ಮ ಬಾವಿಯ ನೀರಿನಲ್ಲಿ ಸಾಬೂನು ತೊಳೆದಷ್ಟೂ ಜಾರುತ್ತಿತ್ತು.

ಇನ್ನು ಇಸಬಿನ ಮಾತು. ಗಡಸು ನೀರಿನ ಪ್ರದೇಶಗಳ ಮಕ್ಕಳಲ್ಲಿ ಇಸಬು ಹೆಚ್ಚೆಂಬ ಅವಲೋಕನ ಇರುವುದು ನಿಜ. ಆದರೆ ಇಂಗ್ಲೆಂಡಿನಲ್ಲೇ ಇಸಬಿದ್ದ 336 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರ ಮನೆಗೆ ಹನ್ನೆರಡು ವಾರ ಈ ಯಂತ್ರ ಕೂಡಿಸಿ ನೋಡಿದ್ದಾರೆ. 2011ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಎಂದಿನ ಚಿಕಿತ್ಸೆಗಿಂತ ಹೆಚ್ಚಿನ ಪ್ರಯೋಜನವೇನೂ ಯಂತ್ರದಿಂದ ಕಂಡುಬರಲಿಲ್ಲ. ಇದನ್ನು ಮಗಳಿಗೆ ಓದಿ ಹೇಳಿದೆ. ಅವಳು ಯಂತ್ರವನ್ನು ಬಿಟ್ಟು ವೈದ್ಯರಲ್ಲಿಗೆ ಹೋದಳು. ಸಾಬೂನು ಬಿಡಿಸಿ, ಮುಲಾಮು ಹಚ್ಚಿ, ಹುಡುಗ ನಿದ್ದೆ ಮಾಡುವಂತಾಯಿತು. ಕೆಟಲಿಗೆ ಹದಿನೈದು ದಿನಕ್ಕೊಮ್ಮೆ ನಿಂಬೆರಸದ ಚಿಕಿತ್ಸೆ. ಅದು ಬುರುಬುರು ನೊರೆಯೇಳುವುದನ್ನು ನೋಡುವುದು ಮೊಮ್ಮಗನಿಗೆ ಹಬ್ಬ.

ಯಂತ್ರವೇ ಕೆಟ್ಟದ್ದೆಂದು ನನ್ನ ವಾದವಲ್ಲ. ಅದರಿಂದ ಸಾಬೂನು ಉಳಿಯುತ್ತದೆ, ಕೊಳವೆಯಲ್ಲೂ ಹೀಟರಿನಲ್ಲೂ ಸುಣ್ಣ ಕಟ್ಟುವುದಿಲ್ಲ. ಅದಕ್ಕೆಂದೇ ಕೊಳ್ಳುವವರು ಕೊಳ್ಳಲಿ. ಆದರೆ ಹೆದರಿ ಕೊಳ್ಳಬಾರದು. ಕುಡಿಯುವ ನೀರಿನ ಗಡಸುತನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯದ ಕಾರಣದಿಂದ ಯಾವ ಮಿತಿಯನ್ನೂ ಹಾಕಿಲ್ಲ. ನಮ್ಮ ಭಾರತೀಯ ಮಾನಕ ಲೀಟರಿಗೆ 200 ಮಿಲಿಗ್ರಾಂ ಒಳ್ಳೆಯದೆಂದು ಹೇಳಿ, ಬೇರೆ ನೀರಿಲ್ಲದಲ್ಲಿ 600ರ ತನಕ ಒಪ್ಪುತ್ತದೆ.

ಊರಿಗೆ ಮರಳಿದಾಗ ಕಂಡದ್ದೇನು? ಮೆದು ನೀರಿನ ಬಾವಿಯಿರುವ ನೆರೆಮನೆಯವರು ಆರ್‌ಒ ಯಂತ್ರ ಕೂಡಿಸಿದ್ದರು! ತೆಗೆಯಲು ಲವಣವೇ ಇಲ್ಲದ ನೀರಿನಿಂದ ಲವಣ ತೆಗೆಯುವುದಕ್ಕೆ ಹಣ ಕೊಟ್ಟದ್ದಲ್ಲದೆ, ಕುಡಿಯುವುದಕ್ಕಿಂತ ಹೆಚ್ಚು ನೀರನ್ನು ಚರಂಡಿಗೆ ಬಿಡುತ್ತಿದ್ದರು. ಕರಗಿದ ಘನಾಂಶ ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆಯಿರುವಲ್ಲಿ ಇಂಥ ಯಂತ್ರ ಸಲ್ಲದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ಬಾವಿಯ ನೀರಿನಲ್ಲಿ ರೋಗಾಣುಗಳ ಭಯವಿದ್ದರೆ ಕುದಿಸಿ ಆರಿಸಿದರೆ ಸಾಕು. ಬೇಸಿಗೆಯಲ್ಲಿ ಉಪ್ಪುನೀರು ನುಗ್ಗುವ ಹೊಳೆಬದಿಯ ಮನೆಗಳ ಕಥೆ ಬೇರೆ. ಉಪ್ಪು ಕುದಿಸಿದರೆ ಹೋಗದು, ಅಂಥಲ್ಲಿ ಯಂತ್ರಕ್ಕೆ ಅರ್ಥವಿದೆ.

ಬ್ರೈಟನ್ನಿನಲ್ಲಿ ನಾನು ಮೆಚ್ಚಿದ್ದು ಒಂದು: ಅಂಚೆ ಸಂಕೇತವನ್ನು ಕೊಟ್ಟರೆ ಸಾಕು, ತಮ್ಮ ನಲ್ಲಿಯ ನೀರಿನ ಗಡಸುತನವೆಷ್ಟೆಂದು ಯಾರೂ ತಿಳಿಯಬಹುದು. ನಮ್ಮಲ್ಲಿಯೂ ಇದು ಅಸಾಧ್ಯವೇನಲ್ಲ. ಪ್ರತಿ ಹೈಸ್ಕೂಲಿನಲ್ಲಿ ಒಂಬತ್ತನೆಯ ತರಗತಿಯ ಮಕ್ಕಳು ತಮ್ಮ ತಮ್ಮ ಮನೆಯ ನೀರು ತಂದು, ಸಮ ಅಳತೆಯ ಸಾಬೂನಿನ ದ್ರಾವಣ ಬೆರೆಸಿ ಕುಲುಕಿ, ನೊರೆ ಅಳೆದು ಬರೆಯಲಿ. ಖರ್ಚು ಒಂದು ಸಾಬೂನು. ರೋಗಾಣು, ಲವಣಗಳ ಪರೀಕ್ಷೆಯನ್ನು ಪ್ರಯೋಗಾಲಯಗಳಲ್ಲಿ ಮಾಡಿಸಿ ಪಂಚಾಯಿತಿಯವರು ಫಲಿತಾಂಶವನ್ನು ಗೋಡೆಗೆ ಅಂಟಿಸಲಿ.

ನೀರನ್ನು ಅರಿಯದೆ ಯಂತ್ರ ಕೊಳ್ಳುವುದು, ರೋಗ ತಿಳಿಯದೆ ಮದ್ದು ಕುಡಿದಂತೆ. ಪರೀಕ್ಷೆ ಮೊದಲು, ಯಂತ್ರ ಆಮೇಲೆ. ಈ ಹಳೆಯ ಮೇಷ್ಟ್ರ ಮಾತನ್ನು ಓದುಗರು ದಯವಿಟ್ಟು ಮನೆಯಲ್ಲಿ ಚರ್ಚಿಸಬೇಕು.