ಹದಿನೇಳು ವರ್ಷ ಮತ್ತು ಮೂರು ನಿಮಿಷ

ಕಳೆದ ತಿಂಗಳು ಪ್ರಥಮ ಪಿಯುಸಿಯ ಹುಡುಗಿಯೊಬ್ಬಳು ಕೆಮಿಸ್ಟ್ರಿ ಲ್ಯಾಬ್ ಹೊರಗೆ ನನ್ನನ್ನು ತಡೆದು ಕೇಳಿದಳು: “ಅಕ್ಕಾ, ಫೆನ್ಸಿಂಗ್‌ಗೆ ಸೇರಿದರೆ ಸ್ಪೋರ್ಟ್ಸ್ ಕೋಟಾದಲ್ಲಿ ಸೀಟು ಸುಲಭವಂತೆ, ಹೌದಾ? ಆಡುವವರೇ ಕಡಿಮೆ ಅಲ್ವಾ?” ಅಷ್ಟರಲ್ಲಿ ಬೆಲ್ ಹೊಡೆಯಿತು. ನಾನು ನಕ್ಕು ಕ್ಲಾಸಿಗೆ ಓಡಿದೆ. ಅವಳಿಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಅದರಲ್ಲಿ ನಮ್ಮ ಕಾಲೇಜಿಗೂ ಒಂದು ಮಾತಿದೆ.

ನಾನು ಏಳನೇ ತರಗತಿಯಿಂದ ಫೆನ್ಸಿಂಗ್ ಆಡುತ್ತಿದ್ದೇನೆ. “ಬೇಲಿ ಹಾಕುವ ಕೆಲಸವಾ?” ಎಂಬ ತಮಾಷೆ ಕೇಳಿ ಕೇಳಿ ಹಳೆಯದಾಗಿದೆ. ಇದು ಕತ್ತಿವರಸೆ. 1896ರ ಮೊದಲ ಆಧುನಿಕ ಒಲಿಂಪಿಕ್ಸ್‌ನಿಂದ ಇಂದಿನವರೆಗೆ ಒಮ್ಮೆಯೂ ತಪ್ಪದೆ ಉಳಿದಿರುವ ಕೆಲವೇ ಆಟಗಳಲ್ಲಿ ಇದೂ ಒಂದು. ಫಾಯಿಲ್, ಎಪೆ, ಸೇಬರ್ ಎಂದು ಮೂರು ಬಗೆ. ನನ್ನದು ಸೇಬರ್. 14 ಮೀಟರ್ ಉದ್ದದ ಪಟ್ಟಿಯ ಮೇಲೆ ಇಬ್ಬರು ಎದುರುಬದುರು ನಿಲ್ಲುತ್ತಾರೆ. ಎದುರಾಳಿಯ ಸೊಂಟದಿಂದ ಮೇಲಿನ ಭಾಗಕ್ಕೆ ಕತ್ತಿ ತಾಗಿದರೆ ಅಂಕ. ನಾಕೌಟ್ ಪಂದ್ಯದಲ್ಲಿ ಮೊದಲು 15 ಅಂಕ ಮುಟ್ಟಿದವರು ಗೆದ್ದಂತೆ.

ಒಬ್ಬರ ಕತ್ತಿ ತಾಗಿದ ಮೇಲೆ ಇನ್ನೊಬ್ಬರ ದೀಪ ಹೊತ್ತಿಕೊಳ್ಳಲು ಯಂತ್ರ ಕೊಡುವ ಸಮಯ 170 ಮಿಲಿಸೆಕೆಂಡ್. ಅಂದರೆ ಒಂದು ಸೆಕೆಂಡಿನ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟರಲ್ಲಿ ಯೋಚಿಸಿ ಏನೂ ಮಾಡಲು ಆಗುವುದಿಲ್ಲ. ಯೋಚನೆ ಮೊದಲೇ ಕಾಲಿಗೆ ಇಳಿದಿರಬೇಕು. ಅದಕ್ಕೇ ನಮ್ಮ ಕೋಚ್ ಮೊದಲ ಎರಡು ತಿಂಗಳು ಕೈಗೆ ಕತ್ತಿಯನ್ನೇ ಕೊಡಲಿಲ್ಲ. ಮುಂದೆ ಹೆಜ್ಜೆ, ಹಿಂದೆ ಹೆಜ್ಜೆ, ಲಂಜ್, ಮತ್ತೆ ಅದೇ. ಆ ಎರಡು ತಿಂಗಳಲ್ಲೇ ನಮ್ಮ ಬ್ಯಾಚಿನ ಅರ್ಧ ಜನ ಬಿಟ್ಟು ಹೋದರು.

ಆಡುವವರು ಕಡಿಮೆ ಇದ್ದರೆ ಮೇಲೆ ಹೋಗುವುದು ಸುಲಭ ಎಂಬ ಮಾತು ಜಿಲ್ಲಾ ಮಟ್ಟದವರೆಗೆ ನಿಜವಿರಬಹುದು. ಅಲ್ಲಿಂದಾಚೆ ಅದೇ ದೊಡ್ಡ ಕಷ್ಟ. ನಮಗಿಂತ ಚೆನ್ನಾಗಿ ಆಡುವವರ ಎದುರು ದಿನವೂ ಸೋಲದೆ ನಾವು ಬೆಳೆಯುವುದಿಲ್ಲ. ಅಂಥವರೇ ಊರಿನಲ್ಲಿ ಇಲ್ಲದಿದ್ದರೆ?

ಸಿ.ಎ. ಭವಾನಿ ದೇವಿ ಅವರನ್ನು ನೋಡಿ. ಚೆನ್ನೈನವರು. 2004ರಲ್ಲಿ ಶಾಲೆಯಲ್ಲಿ ಈ ಆಟಕ್ಕೆ ಸೇರಿದರು. ಬೇರೆ ಆಟಗಳ ಜಾಗ ತುಂಬಿಹೋಗಿ ಫೆನ್ಸಿಂಗ್ ಮಾತ್ರ ಉಳಿದಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. ಕಲಿಕೆ ಶುರುವಾದದ್ದು ಬಿದಿರಿನ ಕೋಲಿನಲ್ಲಿ. 14ನೇ ವಯಸ್ಸಿನಲ್ಲಿ ಟರ್ಕಿಯಲ್ಲಿ ನಡೆದ ತಮ್ಮ ಮೊದಲ ಅಂತಾರಾಷ್ಟ್ರೀಯ ಸ್ಪರ್ಧೆಗೆ ಮೂರು ನಿಮಿಷ ತಡವಾಗಿ ಬಂದರೆಂದು ಕಪ್ಪು ಕಾರ್ಡ್ ಪಡೆದು ಹೊರಬಿದ್ದರು. ಆಮೇಲೆ ತಲಶ್ಶೇರಿಯ ಸಾಯ್ ಕೇಂದ್ರದಲ್ಲಿ ತರಬೇತಿ ಪಡೆದರು. ಮಂಗಳೂರಿನಲ್ಲಿ ರೈಲು ಹತ್ತಿದರೆ ಎರಡು ಮೂರು ಗಂಟೆಯಲ್ಲಿ ಸಿಗುವ ಊರು ಅದು. ಅಲ್ಲಿಂದ ಇಟಲಿಯ ಲಿವೋರ್ನೊಗೆ ಹೋದರು, ಏಕೆಂದರೆ ಅವರನ್ನು ಸೋಲಿಸಬಲ್ಲವರು ಅಲ್ಲಿದ್ದರು. 2021ರಲ್ಲಿ ಟೋಕಿಯೊದಲ್ಲಿ ಒಲಿಂಪಿಕ್ಸ್ ಆಡಿದ ಭಾರತದ ಮೊದಲ ಫೆನ್ಸರ್ ಆದರು. ಮೊದಲ ಪಂದ್ಯ 15-3ರಿಂದ ಗೆದ್ದರು, ಎರಡನೆಯದನ್ನು 7-15ರಿಂದ ಸೋತರು. ಆ ಎರಡು ಪಂದ್ಯಗಳ ಹಿಂದೆ ಹದಿನೇಳು ವರ್ಷಗಳಿವೆ. 2023ರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ವಿಶ್ವ ಚಾಂಪಿಯನ್ ಮಿಸಾಕಿ ಎಮುರಾ ಅವರನ್ನು ಸೋಲಿಸಿ ಕಂಚು ಗೆದ್ದರು.

ಅಮೆರಿಕದ ಇಬ್ತಿಹಾಜ್ ಮುಹಮ್ಮದ್ ಅವರ ಹೆಸರು ನಮ್ಮಲ್ಲಿ ಹಲವರಿಗೆ ಗೊತ್ತು. ಹಿಜಾಬ್ ಧರಿಸಿ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ ಅಮೆರಿಕದ ಮೊದಲ ಕ್ರೀಡಾಪಟು. 2016ರ ರಿಯೊದಲ್ಲಿ ಸೇಬರ್ ತಂಡದೊಂದಿಗೆ ಕಂಚು ಗೆದ್ದರು. ಮೈ ಪೂರ್ತಿ ಮುಚ್ಚುವ ಉಡುಪಿನ ಆಟ ಎಂದು ಅವರ ತಾಯಿಯ ಕಣ್ಣಿಗೆ ಫೆನ್ಸಿಂಗ್ ಬಿದ್ದಾಗ ಅವರಿಗೆ ಸುಮಾರು 13 ವರ್ಷ. ಪದಕ ಬಂದಾಗ 30. ನಡುವೆ ಡ್ಯೂಕ್ ವಿಶ್ವವಿದ್ಯಾಲಯದ ಪದವಿಯನ್ನೂ ಮುಗಿಸಿದರು. “ಆಟವಾ, ಓದಾ?” ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಇದೇ.

ನನ್ನ ಲೆಕ್ಕ ನನಗೆ ಗೊತ್ತು. ವಾರಕ್ಕೆ ಮೂರು ದಿನದ ಅಭ್ಯಾಸದಲ್ಲಿ ನಾನು ಒಲಿಂಪಿಕ್ಸ್ ಮುಟ್ಟುವುದಿಲ್ಲ. ಆದರೆ ನನಗಿಂತ ಚೆನ್ನಾಗಿ ಆಡುತ್ತಿದ್ದ ಗೆಳತಿಯೊಬ್ಬಳಿದ್ದಳು. ಅವಳ ಲಂಜ್ ತಡೆಯಲು ನನ್ನಿಂದ ಒಮ್ಮೆಯೂ ಆಗಲಿಲ್ಲ. ಹತ್ತನೇ ತರಗತಿಯಲ್ಲಿ ರಾಜ್ಯ ತಂಡದ ಆಯ್ಕೆಯ ದಿನವೇ ಅವಳ ಶಾಲೆಯಲ್ಲಿ ಯೂನಿಟ್ ಟೆಸ್ಟ್ ಇತ್ತು. ಬೇರೆ ದಿನ ಬರೆಸಲು ಶಾಲೆ ಒಪ್ಪಲಿಲ್ಲ. ಅವಳು ಟೆಸ್ಟ್ ಬರೆದಳು, ಒಳ್ಳೆಯ ಅಂಕ ತೆಗೆದಳು, ಮಾಸ್ಕ್ ಅನ್ನು ಅಟ್ಟಕ್ಕೆ ಹಾಕಿದಳು. ಅವಳು ಎಲ್ಲಿಯವರೆಗೆ ಹೋಗಬಹುದಿತ್ತೋ ಇನ್ನು ಯಾರಿಗೂ ತಿಳಿಯುವುದಿಲ್ಲ. ಮೂರು ನಿಮಿಷ ತಡವಾದರೂ ಭವಾನಿಗೆ ಮುಂದಿನ ಸ್ಪರ್ಧೆ ಇತ್ತು. ನನ್ನ ಗೆಳತಿಗೆ ಇರಲಿಲ್ಲ.

ಆದ್ದರಿಂದ ನಮ್ಮ ಕಾಲೇಜಿನ ಹಿರಿಯರಲ್ಲಿ ನನ್ನ ವಿನಂತಿ ದೊಡ್ಡದೇನಲ್ಲ. ಹೊಸ ಕಟ್ಟಡವಾಗಲೀ ವಿದೇಶಿ ಕೋಚ್ ಆಗಲೀ ಬೇಡ. ಬೆಳಿಗ್ಗೆ ಆರೂವರೆಯಿಂದ ಏಳೂಮುಕ್ಕಾಲರವರೆಗೆ ಸಭಾಂಗಣದ ಬೀಗ ತೆಗೆದುಕೊಡಿ. ಫಜ್ರ್ ನಮಾಝ್ ಮುಗಿಸಿ ಬರುವವರಿಗೆ ಅದು ಸರಿಯಾದ ಹೊತ್ತು. ಆಯ್ಕೆ ಮತ್ತು ಪಂದ್ಯದ ದಿನಗಳಿಗೆ ಹಾಜರಿ ಕೊಡಿ, ತಪ್ಪಿದ ಟೆಸ್ಟನ್ನು ಒಂದು ವಾರದೊಳಗೆ ಬರೆಸಿ. ಈ ಸೌಲಭ್ಯ ಕ್ರಿಕೆಟ್, ಕಬಡ್ಡಿಗೆ ಮಾತ್ರವಲ್ಲ, ಇಬ್ಬರೇ ಆಡುವ ಆಟಕ್ಕೂ ಇರಲಿ. ಆಡುವವರು ಕಡಿಮೆ ಎಂದು ಸಮಯ ಕೊಡದಿದ್ದರೆ ಅವರು ಕಡಿಮೆಯೇ ಉಳಿಯುತ್ತಾರೆ. ದುರುಪಯೋಗವಾಗುತ್ತದೆ ಎಂಬ ಭಯ ನ್ಯಾಯವೇ. ಅದಕ್ಕೆ ಅಭ್ಯಾಸದ ಹಾಜರಿ ಪುಸ್ತಕ ಇಡಿ. ಬಾರದವರಿಗೆ ರಿಯಾಯಿತಿ ಬೇಡ.

ಇನ್ನು ಆ ತಂಗಿಗೆ. ಸೀಟಿಗಾಗಿ ಬರಬೇಡ, ಎರಡು ತಿಂಗಳ ಹೆಜ್ಜೆಯಲ್ಲೇ ಬೇಸತ್ತು ಹೋಗುತ್ತೀಯ. ಕತ್ತಿ ಹಿಡಿಯುವ ಆಸೆಯಿದ್ದರೆ ಮಾತ್ರ ಬಾ. ನನ್ನ ಹಳೆಯ ಗ್ಲೌಸ್ ಒಂದಿದೆ, ನಿನ್ನ ಕೈಗೆ ಸರಿಹೋಗಬಹುದು. ಆದರೆ ತಡ ಮಾಡಬೇಡ.