ಲಲಿತಾಜಿಯನ್ನು ಮರೆತವರು

ಎಂಬತ್ತರ ದಶಕದಲ್ಲಿ ದೂರದರ್ಶನ ನೋಡಿದವರಿಗೆ ಲಲಿತಾಜಿಯ ನೆನಪು ಇದ್ದೇ ಇರುತ್ತದೆ. ನೀಲಿ ಅಂಚಿನ ಸೀರೆಯುಟ್ಟು, ತರಕಾರಿಯವನ ಹತ್ತಿರ ಚೌಕಾಸಿ ಮಾಡಿ, ಅಗ್ಗದ ಮಾಲು ಬೇರೆ ಒಳ್ಳೆಯ ಮಾಲು ಬೇರೆ ಎಂದು ಖಡಾಖಂಡಿತವಾಗಿ ಹೇಳುತ್ತಿದ್ದ ಗೃಹಿಣಿ ಅವಳು. ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲರ ನಿರ್ಮಾ ಪುಡಿ ಮೂರನೇ ಒಂದು ಪಾಲಿಗೂ ಕಡಿಮೆ ಬೆಲೆಗೆ ಸಿಗತೊಡಗಿ ಹಿಂದೂಸ್ತಾನ್ ಲಿವರ್‌ನ ಸರ್ಫ್ ತತ್ತರಿಸಿದ್ದ ಕಾಲ. ಲಿಂಟಾಸ್ ಏಜೆನ್ಸಿಯ ಅಲಿಕ್ ಪದಮ್‌ಸಿ ಆಗ ಈ ಪಾತ್ರವನ್ನು ಕಟ್ಟಿದರು. ಕೈಯಲ್ಲಿ ದುಡ್ಡಿದ್ದರೂ ತರಕಾರಿಗೆ ಚೌಕಾಸಿ ಬಿಡದ ತಮ್ಮ ತಾಯಿಯೇ ಇದಕ್ಕೆ ಮಾದರಿ ಎಂದು ಅವರು ಹೇಳಿಕೊಂಡಿದ್ದಾರೆ. ಪಾತ್ರಕ್ಕೆ ಜೀವ ತುಂಬಿದವರು ಕವಿತಾ ಚೌಧರಿ. ಅರ್ಧ ಕಿಲೋ ಸರ್ಫ್ ಒಂದು ಕಿಲೋ ಅಗ್ಗದ ಪುಡಿಗೆ ಸಮ ಎಂಬ ಲೆಕ್ಕವನ್ನು ಅವಳು ನೋಡುಗರ ಮುಂದಿಟ್ಟಳು. ಗಂಡನ ಮೆಚ್ಚುಗೆ, ಅತ್ತೆಯ ಮಾತು, ನೆರೆಮನೆಯವರ ಕಣ್ಣು ಯಾವುದರ ಆಸರೆಯೂ ಆ ಜಾಹೀರಾತಿಗೆ ಬೇಕಾಗಲಿಲ್ಲ.

ಅದೇ ಹಿಂದೂಸ್ತಾನ್ ಲಿವರ್ 1975ರಿಂದ ಇನ್ನೊಂದು ಸರಕನ್ನೂ ಮಾರುತ್ತಿತ್ತು. ಅದು ಫೇರ್ ಅಂಡ್ ಲವ್ಲಿ.

ಆ ಕ್ರೀಮಿನ ಜಾಹೀರಾತುಗಳಲ್ಲಿದ್ದ ಹುಡುಗಿಗೆ ಲಲಿತಾಜಿಯ ಗತ್ತು ಇರಲಿಲ್ಲ. ಕನ್ನಡಿಯ ಮುಂದೆ ಕುಗ್ಗಿ ಕೂತವಳು, ವರ ಒಲ್ಲೆನೆಂದವಳು, ಸಂದರ್ಶನದಲ್ಲಿ ಸೋತವಳು, ಕೆಲವೇ ವಾರಗಳಲ್ಲಿ ಬೆಳ್ಳಗಾಗಿ ಗೆದ್ದು ಬರುತ್ತಿದ್ದಳು. ಒಂದು ಜಾಹೀರಾತಿನಲ್ಲಂತೂ ಮನೆಯಲ್ಲಿ ಕಾಸಿಲ್ಲದ ತಂದೆ, ಮಗನಿದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಿಟ್ಟುಸಿರಿಡುತ್ತಾನೆ. ಮಗಳು ಅದನ್ನು ಕೇಳಿಸಿಕೊಂಡು ಕ್ರೀಮು ಹಚ್ಚಿ, ಗಗನಸಖಿಯಾಗಿ ಮನೆಯ ಬಡತನ ನೀಗುತ್ತಾಳೆ. ಹೆಣ್ಣಾಗಿ ಹುಟ್ಟಿದ್ದಕ್ಕೆ ತಂದೆ ಪಟ್ಟ ಸಂಕಟವನ್ನೂ ಚರ್ಮದ ಬಣ್ಣವನ್ನೂ ಒಟ್ಟಿಗೆ ಗಂಟು ಹಾಕಿದ ಆ ಚಿತ್ರದ ವಿರುದ್ಧ ಜನವಾದಿ ಮಹಿಳಾ ಸಂಘಟನೆ 2002ರಲ್ಲಿ ದನಿಯೆತ್ತಿತು, ಮಾನವ ಹಕ್ಕುಗಳ ಆಯೋಗದವರೆಗೂ ಹೋಯಿತು. ಮರುವರ್ಷ ಕೇಂದ್ರ ವಾರ್ತಾ ಮತ್ತು ಪ್ರಸಾರ ಇಲಾಖೆಯ ಆಕ್ಷೇಪದ ಬಳಿಕ ಅದು ತೆರೆಯಿಂದ ಮರೆಯಾಯಿತು.

ಕಂಪನಿಗಳ ಸಮರ್ಥನೆ ಎಲ್ಲರಿಗೂ ಗೊತ್ತಿರುವುದೇ. ಬಿಳಿ ಬಣ್ಣದ ಮೋಹ ಸಮಾಜದಲ್ಲಿ ಮೊದಲಿನಿಂದಲೂ ಇದೆ, ಹೆಂಗಸರು ತಾವಾಗಿ ಕೇಳುತ್ತಾರೆ, ನಾವು ಕೊಡುತ್ತೇವೆ ಎಂಬ ಮಾತು. ಇದರಲ್ಲಿ ಸತ್ಯವಿದೆ, ಅಲ್ಲಗಳೆಯಬೇಕಾಗಿಲ್ಲ. ಹೆಣ್ಣು ನೋಡಲು ಬಂದವರು ‘ಹುಡುಗಿ ಸ್ವಲ್ಪ ಬಣ್ಣ ಕಡಿಮೆ’ ಎಂದು ಕಾಫಿ ಕುಡಿದು ಎದ್ದುಹೋದ ಕಥೆ ಕರ್ನಾಟಕದ ಎಷ್ಟು ಮನೆಗಳಲ್ಲಿಲ್ಲ? ಭಾನುವಾರದ ವಧು-ವರರ ಅಂಕಣಗಳಲ್ಲಿ ‘ಬೆಳ್ಳಗಿರುವ’ ಎಂಬ ವಿಶೇಷಣಕ್ಕೆ ಬರವೇ? ಎಣ್ಣೆಗೆಂಪು, ಎಣ್ಣೆಗಪ್ಪು, ನಸುಗಪ್ಪು, ಗೋಧಿಬಣ್ಣ ಎಂದು ಮೈಬಣ್ಣಕ್ಕೆ ಇಷ್ಟೊಂದು ಹೆಸರಿಟ್ಟ ಭಾಷೆಯ ಜನ ಸೊಸೆ ಹುಡುಕುವಾಗ ಮಾತ್ರ ಒಂದೇ ಬಣ್ಣ ಕೇಳುತ್ತಾರೆ.

ಆದರೆ ಇರುವ ನೋವನ್ನು ಅರಿಯುವುದು ಬೇರೆ, ಆ ನೋವನ್ನು ದಿನಕ್ಕೆ ಹತ್ತು ಸಲ ಟೀವಿಯಲ್ಲಿ ಕೆದಕಿ ಕಾಸು ಮಾಡುವುದು ಬೇರೆ. ಸೀಮಂತಕ್ಕೆ ಬಂದ ಅತ್ತಿಗೆ ಆಡಿದ ಚುಚ್ಚುಮಾತು ಒಂದು ಮನೆಯಲ್ಲೇ ಉಳಿಯುತ್ತದೆ. ಅದೇ ಮಾತನ್ನು ತಾರೆಯೊಬ್ಬರ ಬಾಯಲ್ಲಿ ಆಡಿಸಿ, ಪುಟ್ಟ ಸ್ಯಾಷೆಯ ಜೊತೆ ಹಳ್ಳಿಯ ಗೂಡಂಗಡಿಯವರೆಗೆ ಮುಟ್ಟಿಸಿದ್ದು ಕಂಪನಿಯ ಬಂಡವಾಳ. ಇಂಥ ಜಾಹೀರಾತು ಒಲ್ಲೆನೆಂದ ಸಾಯಿ ಪಲ್ಲವಿ, ‘ಡಾರ್ಕ್ ಈಸ್ ಬ್ಯೂಟಿಫುಲ್’ ಅಭಿಯಾನದ ಮುಖವಾಗಿ ನಿಂತ ನಂದಿತಾ ದಾಸ್ ಅವರಂಥ ನಟಿಯರನ್ನು ಬೆರಳಲ್ಲಿ ಎಣಿಸಬಹುದು.

2014ರಲ್ಲಿ ಜಾಹೀರಾತು ಮಾನದಂಡ ಮಂಡಳಿ ಒಂದು ನಿಯಮ ಮಾಡಿತು. ಕಪ್ಪಗಿರುವವರನ್ನು ದುಃಖಿತರೆಂದೋ ಮದುವೆ, ನೌಕರಿಯಲ್ಲಿ ಹಿಂದುಳಿದವರೆಂದೋ ತೋರಿಸಕೂಡದು ಎಂದಿತು. ಮಂಡಳಿ ಉದ್ಯಮದವರೇ ಕಟ್ಟಿಕೊಂಡದ್ದು. ದಂಡ ಹಾಕುವ ಅಧಿಕಾರ ಅದಕ್ಕಿಲ್ಲ. ಕೊನೆಗೆ ಫೇರ್ ಅಂಡ್ ಲವ್ಲಿಯ ಹೆಸರು ಬದಲಾದದ್ದು 2020ರ ಜುಲೈಯಲ್ಲಿ, ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಹತ್ಯೆಯಾಗಿ ವರ್ಣಭೇದದ ವಿರುದ್ಧ ಜಗತ್ತೇ ಬೀದಿಗಿಳಿದ ಮೇಲೆ. ‘ಫೇರ್’ ಹೋಗಿ ‘ಗ್ಲೋ’ ಬಂತು. ಜಾನ್ಸನ್ ಅಂಡ್ ಜಾನ್ಸನ್ ಆ ಹೊತ್ತಿಗೆ ಭಾರತದಲ್ಲಿ ತನ್ನ ಫೇರ್‌ನೆಸ್ ಕ್ರೀಮಿನ ಮಾರಾಟವನ್ನೇ ನಿಲ್ಲಿಸುವುದಾಗಿ ಹೇಳಿತ್ತು. ಒಂದು ಕಂಪನಿ ಸರಕನ್ನು ಬಿಟ್ಟಿತು, ಇನ್ನೊಂದು ಪದವನ್ನು ಬಿಟ್ಟಿತು. ನಲವತ್ತೈದು ವರ್ಷ ‘ಬೆಳ್ಳಗಾಗು’ ಎಂದು ಕಲಿಸಿದ ಮೇಲೆ, ಅದೇ ಗುಲಾಬಿ ಟ್ಯೂಬಿನ ಮೇಲೆ ‘ಹೊಳಪು’ ಎಂದು ಬರೆದರೆ ಕೊಳ್ಳುವವರು ಹಳೆಯ ಅರ್ಥವನ್ನೇ ಓದುತ್ತಾರೆ. ಇಂಥ ನಾಮಕರಣವನ್ನು ಪಶ್ಚಾತ್ತಾಪವೆಂದು ಒಪ್ಪಲಾಗದು.

ಹೆಣ್ಣುಮಕ್ಕಳಿಗೆ ಮಾರುವುದೆಂದರೆ ಗುಲಾಬಿ ಬಣ್ಣ ಬಳಿಯುವುದು ಎಂಬ ಭ್ರಮೆ ನಮ್ಮಲ್ಲಷ್ಟೇ ಇಲ್ಲ. 2012ರಲ್ಲಿ ಬಿಕ್ ಕಂಪನಿ ಹೆಂಗಸರಿಗೆಂದೇ ಪ್ರತ್ಯೇಕ ಬಾಲ್ ಪೆನ್ನು ತಂದು ಲೋಕದ ಮುಂದೆ ಪೇಚಿಗೆ ಸಿಕ್ಕಿತು. ನ್ಯೂಯಾರ್ಕ್ ನಗರದ ಗ್ರಾಹಕ ಇಲಾಖೆ 2015ರಲ್ಲಿ ಸುಮಾರು 800 ಸರಕುಗಳನ್ನು ಹೋಲಿಸಿ ನೋಡಿದಾಗ ಹೆಂಗಸರ ಸರಕಿಗೆ ಸರಾಸರಿ ಶೇ 7ರಷ್ಟು ಹೆಚ್ಚು ಬೆಲೆ ಇತ್ತು. ಶಾಂಪೂ, ರೇಜರ್‌ನಂಥವುಗಳಲ್ಲಿ ಶೇ 13. ಇಲ್ಲಿ, 2022ರ ಮಹಿಳಾ ದಿನದಂದು ಫ್ಲಿಪ್‌ಕಾರ್ಟ್ ಗ್ರಾಹಕರಿಗೆ ಶುಭಾಶಯದ ಜೊತೆ ಅಡುಗೆಮನೆ ಉಪಕರಣಗಳ ರಿಯಾಯಿತಿ ಕಳುಹಿಸಿ ಕ್ಷಮೆ ಕೇಳಬೇಕಾಯಿತು.

ಒಳ್ಳೆಯ ದಾರಿ ಗೊತ್ತಿಲ್ಲದೆ ಹೀಗಾಗುತ್ತಿದೆಯೇ ಎಂದರೆ, ಹಾಗೂ ಇಲ್ಲ. ಹೀರೊ ಹೊಂಡಾ ಪ್ಲೆಷರ್ ಎಂಬ ಗೇರ್ ಇಲ್ಲದ ಹಗುರ ಗಾಡಿಯನ್ನು ತಂದು, ಮೋಜೆಲ್ಲ ಹುಡುಗರಿಗೇ ಏಕೆ ಎಂದು ಕೇಳಿತು. ಹೆಂಗಸರೇ ನಡೆಸುವ ಮಳಿಗೆಗಳನ್ನೂ ತೆರೆಯಿತು. ಬಸ್ಸಿಗೆ ಕಾದು ಸಾಕಾಗಿದ್ದ ಕಾಲೇಜು ಹುಡುಗಿಗೆ, ಬ್ಯಾಂಕಿನ ಉದ್ಯೋಗಿಗೆ ಬೇಕಾಗಿದ್ದ ವಸ್ತು ಅದು. ಬಟ್ಟೆ ಒಗೆಯುವುದು ಹೆಂಗಸಿನ ಕೆಲಸ ಮಾತ್ರವೇ ಎಂದು 2015ರಿಂದ ಕೇಳುತ್ತ ಬಂದ ಏರಿಯಲ್ ಜಾಹೀರಾತುಗಳಲ್ಲಿ ಬದಲಾಗಬೇಕಾದವನು ಗಂಡ. ಮುಟ್ಟಿನ ದಿನಗಳಲ್ಲೂ ಉಪ್ಪಿನಕಾಯಿ ಮುಟ್ಟು ಎಂದ ವಿಸ್ಪರ್ ಜಾಹೀರಾತು 2015ರಲ್ಲಿ ಕಾನ್‌ನ ಜಾಹೀರಾತು ಉತ್ಸವದಲ್ಲಿ ಗ್ರ್ಯಾನ್ ಪ್ರಿ ಗೆದ್ದಿತು. ಇವೂ ಲಾಭಕ್ಕಾಗಿಯೇ ಮಾಡಿದ ಜಾಹೀರಾತುಗಳು, ಅದರಲ್ಲಿ ತಪ್ಪೇನಿಲ್ಲ. ಕೊಳ್ಳುವವಳಲ್ಲಿ ಕೊರತೆ ಹುಡುಕದೆಯೂ ಲಾಭ ಮಾಡಬಹುದೆಂದು ಇವು ತೋರಿಸಿವೆ. ಸರ್ಫ್ ಮಾರಿದ ಕಂಪನಿಗೆ ಇದು ಎಂದೋ ಗೊತ್ತಿತ್ತು.

ಹಾಗಾಗಿ ಈ ವಿಷಯವನ್ನು ಕಂಪನಿಗಳ ಒಳ್ಳೆಯತನಕ್ಕೆ ಬಿಟ್ಟದ್ದು ಸಾಕು. ಕೇಂದ್ರ ಆರೋಗ್ಯ ಇಲಾಖೆ 2020ರ ಫೆಬ್ರವರಿಯಲ್ಲಿ ಹೊರಡಿಸಿದ ಕರಡು ತಿದ್ದುಪಡಿ, ಬಿಳುಪಿನ ಭರವಸೆ ಕೊಡುವ ಜಾಹೀರಾತಿಗೆ ಜೈಲು ಮತ್ತು 10 ಲಕ್ಷ ರೂಪಾಯಿವರೆಗಿನ ದಂಡ ಸೂಚಿಸಿತ್ತು. ಆ ಕರಡು ಕಾನೂನಾಗಲೇಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೂ ಈಗಾಗಲೇ ಕೈಯಲ್ಲಿದೆ. ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಪ್ರಾಧಿಕಾರ 10 ಲಕ್ಷ, ಮತ್ತೆ ಮಾಡಿದರೆ 50 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಅದರಲ್ಲಿ ಮುಖ ತೋರಿಸಿದ ತಾರೆಯರನ್ನೂ ಹೊಣೆ ಮಾಡಬಹುದು.

ದೂರು ಕೊಟ್ಟರೆ ಏನಾದೀತು ಎನ್ನುವವರು ದೆಹಲಿಯ ಪ್ರಕರಣವೊಂದನ್ನು ನೋಡಬೇಕು. 2013ರಲ್ಲಿ 79 ರೂಪಾಯಿ ಕೊಟ್ಟು ಇಮಾಮಿಯ ಗಂಡಸರ ಕ್ರೀಮು ಫೇರ್ ಅಂಡ್ ಹ್ಯಾಂಡ್‌ಸಮ್ ಕೊಂಡ ಗ್ರಾಹಕರೊಬ್ಬರು, ಹೇಳಿದಂತೆ ಹಚ್ಚಿದರೂ ಬೆಳ್ಳಗಾಗಲಿಲ್ಲ ಎಂದು ದೂರಿದರು. ಪೌಷ್ಟಿಕ ಆಹಾರ, ವ್ಯಾಯಾಮವೂ ಜೊತೆಗೆ ಬೇಕು ಎಂದು ಕಂಪನಿ ವಾದಿಸಿತು. ಆ ಷರತ್ತು ಡಬ್ಬಿಯ ಮೇಲೆ ಇರಲಿಲ್ಲ. 2024ರ ಡಿಸೆಂಬರಿನಲ್ಲಿ ಜಿಲ್ಲಾ ಗ್ರಾಹಕ ಆಯೋಗ, 14.5 ಲಕ್ಷ ರೂಪಾಯಿಯನ್ನು ಗ್ರಾಹಕ ಕಲ್ಯಾಣ ನಿಧಿಗೂ 50 ಸಾವಿರವನ್ನು ದೂರುದಾರರಿಗೂ ಕೊಡಬೇಕೆಂದು ಆದೇಶಿಸಿತು. ಹನ್ನೊಂದು ವರ್ಷ ಹಿಡಿಯಿತು, ನಿಜ. ಆದರೂ ದೂರು ಗೆದ್ದಿತು. ಅದು ಗಂಡಸೊಬ್ಬರದು; ಅರ್ಧ ಶತಮಾನದಿಂದ ಈ ಮಾತಿನ ಏಟು ತಿಂದವರು ಹೆಣ್ಣುಮಕ್ಕಳು. ಮುಂದಿನ ದೂರು ಅವರದ್ದಾಗಲಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.